ಗುಡ್ಡದ ಒರತೆ ಸಾಲುತ್ತಿಲ್ಲ, ಬೋರ್ ಹೊಡೆಸೋದಾ?

ಗುಡ್ಡದಮನೆ
ಎಲ್ಲರಿಗೂ ನಮಸ್ಕಾರ. ನಮ್ಮದು ಹೊಸನಗರ ತಾಲೂಕು. ಊರಿನ ಓವರ್‌ಹೆಡ್ ಟ್ಯಾಂಕ್ ನಮ್ಮ ಮನೆಗಿಂತ ತಗ್ಗಿನಲ್ಲಿದೆ. ಹಾಗಾಗಿ ಪಂಚಾಯ್ತಿ ಲೈನ್ ನಮ್ಮ ತನಕ ಬಂದಿಲ್ಲ, ಬರೋ ಹಾಗೂ ಇಲ್ಲ. ಅಜ್ಜನ ಕಾಲದಿಂದ ಗುಡ್ಡದ ಒರತೆಯ ನೀರೇ ಕುಡಿದವರು ನಾವು. ಮೊದಲು ಅಡಿಕೆ ದಬ್ಬೆಯಲ್ಲಿ (ಸೀಳಿದ ಅಡಿಕೆ ಮರದಲ್ಲಿ) ಹರಿದು ಬರುತ್ತಿತ್ತು, ಈಗ ಅರ್ಧ ಇಂಚಿನ ಕಪ್ಪು ಪೈಪಿನಲ್ಲಿ ಬರುತ್ತೆ. ಒರತೆಯಿಂದ ಮನೆಗೆ ಸುಮಾರು 600 ಮೀಟರ್ ಪೈಪು.

ಮಳೆಗಾಲದಲ್ಲಿ ಚಿಂತೆ ಇಲ್ಲ. ಶಿವರಾತ್ರಿ ಕಳೆಯಿತೋ, ಬಚ್ಚಲ ನಲ್ಲಿಯಲ್ಲಿ ನೂಲಿನ ಹಾಗೆ ಸಣ್ಣಗೆ ಇಳಿಯಲು ಶುರು. ಅಂಗಳದ ಬಾವಿಯಲ್ಲಿ ಏಪ್ರಿಲ್ ಹೊತ್ತಿಗೆ ಮೊಣಕಾಲುದ್ದ ನೀರು ಉಳಿಯುತ್ತೆ. ಮನೆಯಲ್ಲಿ ಐದು ಜನ, ಕೊಟ್ಟಿಗೆಯಲ್ಲಿ ಮೂರು ಹಸು. ಅಮ್ಮ ರಾತ್ರಿ ಮಧ್ಯೆ ಎದ್ದು ಡ್ರಮ್ ತುಂಬಿತಾ ಅಂತ ಟಾರ್ಚ್ ಹಾಕಿ ನೋಡುತ್ತಾರೆ.

ತಮ್ಮ ಬೋರ್ ಹೊಡೆಸೋಣ ಅಂತ ಹಠ ಹಿಡಿದಿದ್ದಾನೆ. ಪಾಯಿಂಟ್ ಮಾಡುವವರನ್ನೂ ಕರೆಸಿದ. ಅವರು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ತೋಟವೆಲ್ಲಾ ಓಡಾಡಿ, ಮೂಲೆಯೊಂದರಲ್ಲಿ ಕಾಯಿ ಎದ್ದು ನಿಂತದ್ದು ತೋರಿಸಿ, 280 ಅಡಿಗೆ ಎರಡಿಂಚು ನೀರು ಅಂದರು. ಅಪ್ಪ ಬೇಡವೇ ಬೇಡ ಅನ್ನುತ್ತಾರೆ, ಕಾರಣ ಕೇಳಿದರೆ ಎದ್ದು ತೋಟಕ್ಕೆ ಹೋಗುತ್ತಾರೆ. ಏನು ಮಾಡೋದು? ಅನುಭವ ಇದ್ದವರು ಹೇಳಿ.

ಬೆಂಗ್ಳೂರ್ ಬಾಡಿಗೆ
ಬೋರ್ ಹೊಡೆಸಿ ಗುರು, ಮುಗೀತು. ಸ್ವಿಚ್ ಒತ್ತಿದ್ರೆ ನೀರು. ಇದಕ್ಕೂ ಚರ್ಚೆನಾ?

ಕೋಲಾರದ ಮಣ್ಣು
"ಸ್ವಿಚ್ ಒತ್ತಿದ್ರೆ ನೀರು" ಅಂತ ಬರೆದವರು ಒಂದು ಸಲ ನಮ್ಮ ಕಡೆ ಬಂದು ಹೋಗಿ ಸ್ವಾಮಿ. ನಮ್ಮಲ್ಲಿ ಸಾವಿರ ಅಡಿ ಇಳಿದರೂ ಬರೀ ಬಿಳಿ ಧೂಳು ಮೇಲೆ ಬಂದ ಬೋರುಗಳು ಊರಿಗೊಂದಲ್ಲ, ತೋಟಕ್ಕೊಂದಿವೆ. ನೀರು ಸಿಕ್ಕರೂ ಕುಡಿಯೋ ಹಾಗಿಲ್ಲ, ಫ್ಲೋರೈಡು. ಗುಡ್ಡದಿಂದ ತಾನಾಗಿ ಹರಿದು ಬರೋ ನೀರನ್ನು ಇಟ್ಟುಕೊಂಡು ಬೋರ್ ಯೋಚನೆ ಮಾಡ್ತಿದ್ದೀರಲ್ಲ, ನಿಮ್ಮನ್ನು ಕಂಡರೆ ಹೊಟ್ಟೆಕಿಚ್ಚೂ ಆಗುತ್ತೆ, ಸಿಟ್ಟೂ ಬರುತ್ತೆ.

ರಿಟೈರ್ಡ್ ಮೇಷ್ಟ್ರು
ಒಂದು ಪ್ರಶ್ನೆ. ಒರತೆಯ ಹತ್ತಿರ ಎಷ್ಟು ನೀರು ಬೀಳುತ್ತೆ ಅಂತ ಅಳೆದಿದ್ದೀರಾ? ಅಲ್ಲಿ ಒಂದು ಸಲ, ಮನೆ ನಲ್ಲಿಯಲ್ಲಿ ಒಂದು ಸಲ, ಒಂದೇ ಬಕೆಟ್ ಇಟ್ಟು ತುಂಬಲು ಎಷ್ಟು ಹೊತ್ತು ಹಿಡಿಯುತ್ತೆ ನೋಡಿ. ಮೊಬೈಲಿನಲ್ಲಿ ಗಡಿಯಾರ ಇದೆ. ಈ ಎರಡು ಅಂಕಿ ಇಲ್ಲದೆ ಇಲ್ಲಿ ಯಾರು ಏನು ಹೇಳಿದರೂ ಅದು ತೆಂಗಿನಕಾಯಿಯವರು ಹೇಳಿದ್ದಕ್ಕಿಂತ ಮೇಲೇನಲ್ಲ.

ಅಡಿಕೆದಬ್ಬೆ
ಮೇಷ್ಟ್ರು ಸರಿಯಾಗಿ ಹೇಳಿದರು. ನಮ್ಮ ಸಾಗರದ ಕಡೆಯೂ ಇದೇ ಕಥೆ. ಒರತೆಯಲ್ಲಿ ನೀರು ಇರುತ್ತೆ, ಮನೆಗೆ ಬರಲ್ಲ. ಪೈಪಿಗೆ ಗಾಳಿ ಹಿಡಿದಿರುತ್ತೆ. ಇಲ್ಲದಿದ್ದರೆ ಏಡಿ.

ಬೆಂಗ್ಳೂರ್ ಬಾಡಿಗೆ
ಏಡಿ???

ಅಡಿಕೆದಬ್ಬೆ
ಹೌದು ಮಾರಾಯ್ರೆ, ಏಡಿ. ಮರಿ ಇದ್ದಾಗ ಪೈಪಿನ ಬಾಯಿಂದ ಒಳಗೆ ಹೋಗುತ್ತೆ, ಮಧ್ಯೆ ಜಾಯಿಂಟಿನಲ್ಲಿ ಸಿಕ್ಕಿ ಸಾಯುತ್ತೆ. ಅದರ ಹಿಂದೆ ಎಲೆ ಬಂದು ನಿಲ್ಲುತ್ತೆ, ಎಲೆಯ ಹಿಂದೆ ಮರಳು. ಪೈಪಿನ ಬಾಯಿಗೆ ಜಾಲರಿ ಕಟ್ಟದವರು ಬೇಸಗೆಯಲ್ಲಿ ಪೈಪು ಬಿಚ್ಚುತ್ತಾ ಗುಡ್ಡ ಹತ್ತಬೇಕು. ಹಳೇ ಸೊಳ್ಳೆಪರದೆ ಬಟ್ಟೆ ಎರಡು ಸುತ್ತು ಕಟ್ಟಿದರೂ ನಡೆಯುತ್ತೆ. ಆದರೆ ವಾರಕ್ಕೊಮ್ಮೆ ಹೋಗಿ ಕೊಡವಬೇಕು, ಇಲ್ಲದಿದ್ದರೆ ಬಟ್ಟೆಯೇ ಕಟ್ಟಿಕೊಳ್ಳುತ್ತೆ.

ಮುರಕಲ್ಲು
ನಾನು ವಿಟ್ಲದ ಕಡೆಯವನು. ನಮ್ಮಲ್ಲಿ ಇದಕ್ಕೆಲ್ಲ ಸುರಂಗ ಉಂಟು. ಮಾಣಿಲ, ಬಾಯಾರು, ಪಡ್ರೆ ಕಡೆ ಗುಡ್ಡದ ಹೊಟ್ಟೆಗೆ ಅಡ್ಡಕ್ಕೆ ಕೊರೆದು ಹೋಗುತ್ತಾರೆ. ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಎತ್ತರ, ಹೊರಗಡೆಗೆ ಸ್ವಲ್ಪ ಇಳಿಜಾರು. ಅಡಿ, ಮೀಟರ್ ಲೆಕ್ಕ ಅಲ್ಲ, ಕೋಲಿನ ಲೆಕ್ಕ. ಒಂದು ಕೋಲು ಅಂದರೆ ಹತ್ತಿರ ಹತ್ತಿರ ಎರಡೂವರೆ ಅಡಿ. ಒಳಗೆ ಹೋಗುವಾಗ ದೀಪ ಹಚ್ಚಿ ಇಟ್ಟುಕೊಳ್ಳುತ್ತಾರೆ. ದೀಪ ಮಂಕಾದರೆ ಗಾಳಿ ಸಾಲದು ಅಂತ ಅರ್ಥ, ಕೂಡಲೇ ಹೊರಗೆ ಬರಬೇಕು. ನೀರು ಸಿಕ್ಕಿದ ಮೇಲೆ ಕರೆಂಟೂ ಬೇಡ, ಪಂಪೂ ಬೇಡ. ಬಾಯಿಯಲ್ಲಿ ಒಂದು ಮಣ್ಣಿನ ಟಾಂಕಿ ಕಟ್ಟಿದರೆ ತೋಟಕ್ಕೂ ಆಯಿತು, ಮನೆಗೂ ಆಯಿತು.

ಅಮೈ ಮಹಾಲಿಂಗ ನಾಯ್ಕರ ಹೆಸರು ಕೇಳಿರಬಹುದು, 2022ರಲ್ಲಿ ಪದ್ಮಶ್ರೀ ಬಂತಲ್ಲ. ಕೂಲಿ ಕೆಲಸ ಮುಗಿಸಿ ಬಂದು ಬೋಳು ಗುಡ್ಡದಲ್ಲಿ ಒಬ್ಬರೇ ಸುರಂಗ ತೋಡಿದವರು. ಒಂದರ ಹಿಂದೆ ಒಂದು ಒಣ ಸುರಂಗ. ಬಿಡಲಿಲ್ಲ. ಕೊನೆಗೆ ನೀರು ಬಂದ ಮೇಲೆ ಆ ಗುಡ್ಡದಲ್ಲೇ ಅಡಿಕೆ ತೋಟ ಎಬ್ಬಿಸಿದರು.

ಬಿದರಿ ಬಟ್ಟಲು
ನಮ್ಮ ಬೀದರ್‌ನಾಗೂ ಸುರಂಗ ಬಾವಿ ಅದಾವ್ರೀ. ನೌಬಾದ್ ಹತ್ತಿರದ ಕರೇಜ್. ಬಹಮನಿಯವರ ಕಾಲದ್ದು. ಅದನ್ನ ನೋಡೇ ಕರಾವಳಿಯವರು ಕಲಿತಿರಬೇಕು.

ಮುರಕಲ್ಲು
ಹಾಗೆ ಹೇಳಲಿಕ್ಕೆ ಆಗುವುದಿಲ್ಲ ಮಾರಾಯ್ರೆ. ಕರೇಜ್ ಅಂದರೆ ಮೈಲಿಗಟ್ಟಲೆ ನೆಲದಡಿಯಲ್ಲಿ ಹೋಗುವ ಕಾಲುವೆ, ನಡುನಡುವೆ ಮೇಲಿನಿಂದ ಬಾವಿಯ ಹಾಗೆ ಗಾಳಿಕಿಂಡಿಗಳು. ಕಟ್ಟಿಸಿದವರು ಸುಲ್ತಾನರು. ನಮ್ಮದು ಒಂದು ಮನೆಯ ಒಂದು ಸುರಂಗ, ತೋಡುವವರು ಇಬ್ಬರು. ನಮ್ಮಲ್ಲಿ ಹೆಚ್ಚಿನದಕ್ಕೆ ಗಾಳಿಕಿಂಡಿಯೇ ಇರುವುದಿಲ್ಲ. ಯಾರು ಯಾರಿಂದ ಕಲಿತರು ಅನ್ನುವುದು ಬೇರೆ ಚರ್ಚೆ.

ರಿಟೈರ್ಡ್ ಮೇಷ್ಟ್ರು
ಸುರಂಗ ಒಳ್ಳೆಯದೇ. ಆದರೆ ಅದಕ್ಕೆ ಗಟ್ಟಿ ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡ ಬೇಕು. ಹೊಸನಗರದ ಕಡೆ ಮೆತ್ತಗಿನ ಕೆಂಪು ಮಣ್ಣಿನಲ್ಲಿ ಹಾಗೆ ಕೊರೆಯಲು ಹೋದರೆ ಮಾಡು ಕುಸಿದು ಹೆಣ ಬೀಳುತ್ತೆ. ಗುಡ್ಡದಮನೆಯವರೆ, ಬಕೆಟ್ ಏನಾಯ್ತು?

ಸುಮಕ್ಕ
ಬೋರ್ ಹೊಡೆಸೋ ಮೊದಲು ಕರೆಂಟಿನ ಲೆಕ್ಕವನ್ನೂ ಹಾಕಿ. ಮಳೆಗಾಲದಲ್ಲಿ ನಮ್ಮಲ್ಲಿ ಮರ ಬಿದ್ದು ಲೈನ್ ಹೋದರೆ ಮೂರು ನಾಲ್ಕು ದಿನ ಕತ್ತಲೆ. ಬೇಸಗೆಯಲ್ಲಿ ವೋಲ್ಟೇಜ್ ಇರಲ್ಲ. ನಮ್ಮ ಮನೆಯವರು ಅದೇ ಕಡಿಮೆ ವೋಲ್ಟೇಜಿನಲ್ಲಿ ಮೋಟಾರ್ ಬಿಟ್ಟು ಕಾಯಿಲ್ ಸುಟ್ಟಿತು. ಸಬ್‌ಮರ್ಸಿಬಲ್ ಮೇಲೆತ್ತಲು ಜನ ಬೇಕು, ರಿವೈಂಡಿಂಗ್‌ಗೆ ಪೇಟೆಗೆ ಒಯ್ಯಬೇಕು, ಮತ್ತೆ ಇಳಿಸಬೇಕು. ಅಷ್ಟು ದಿನ ನೀರು ಹೊತ್ತದ್ದು ನಾನು, ಅವರಲ್ಲ. ಗುಡ್ಡದಿಂದ ತಾನಾಗಿ ಹರಿದು ಬರೋ ಅಬ್ಬಿ ನೀರಿಗೆ ಈ ರಗಳೆ ಯಾವುದೂ ಇಲ್ಲ.

ಬೆಂಗ್ಳೂರ್ ಬಾಡಿಗೆ
ಸೋಲಾರ್ ಪಂಪ್ ಹಾಕ್ಸಿ ಅಕ್ಕ.

ಸುಮಕ್ಕ
ಆಗುಂಬೆ ಪಕ್ಕದಲ್ಲಿದ್ದೇವೆ ತಮ್ಮಾ. ಜೂನ್‌ನಿಂದ ಸೆಪ್ಟೆಂಬರ್ ತನಕ ಬಟ್ಟೆ ಒಣಗಿಸೋಕೇ ಬಿಸಿಲಿಲ್ಲ.

ನವಲಗುಂದದ ಹತ್ತಿ
ನಿಮ್ಮ ಜಗಳ ಓದಿ ನಗು ಬಂತು. ನಮ್ಮದು ಕರಿ ಮಣ್ಣಿನ ಸೀಮೆ. ನೆಲದಡಿ ನೀರು ಇದೆ, ಆದರೆ ಸವಳು. ಬಾಯಿಗಿಟ್ಟರೆ ಉಗುಳಬೇಕು. ಅದಕ್ಕೇ ನಮ್ಮ ಊರುಗಳಲ್ಲಿ ಕುಡಿಯುವ ನೀರಿಗೆ ಕೆರೆಯೇ ಗತಿ. ಕೆರೆಗೆ ಯಾರೂ ಕಾಲಿಡೋ ಹಾಗಿಲ್ಲ, ಬಟ್ಟೆ ಒಗೆಯೋ ಹಾಗಿಲ್ಲ, ದನ ಬಿಡೋ ಹಾಗಿಲ್ಲ. ಕೊಡದಲ್ಲಿ ತಂದು, ಪಟಕದ ಹರಳನ್ನು ಒಂದೆರಡು ಸುತ್ತು ತಿರುವಿ, ರಾತ್ರಿ ಬಿಟ್ಟು, ಬೆಳಿಗ್ಗೆ ತಿಳಿ ನೀರನ್ನು ಅರಿವೆಯಲ್ಲಿ ಸೋಸಿ ಕುಡಿಯುತ್ತಿದ್ದರು ನಮ್ಮವ್ವ. ಈಗ ಮಲಪ್ರಭಾ ಕಾಲುವೆಯಿಂದ ಕೆರೆ ತುಂಬಿಸುತ್ತಾರೆ. ಕಾಲುವೆ ಬಂದ್ ಆಯ್ತು ಅಂದರೆ ಎಲ್ಲರ ಕಣ್ಣೂ ಕೆರೆಯ ಮೆಟ್ಟಿಲ ಮೇಲೆ, ಎಷ್ಟು ಮೆಟ್ಟಿಲು ಕಾಣಿಸ್ತಾ ಇದೆ ಅಂತ.

ಗುಡ್ಡದಮನೆ
ಬಕೆಟ್ ಹೊತ್ತುಕೊಂಡು ಗುಡ್ಡ ಹತ್ತಿ ಬಂದೆ. 20 ಲೀಟರ್ ಬಕೆಟ್. ಒರತೆಯ ಹತ್ತಿರ ತುಂಬಲು 2 ನಿಮಿಷ. ಮನೆಯಲ್ಲಿ ಅದೇ ಬಕೆಟ್‌ಗೆ 10 ನಿಮಿಷ. ಮೊಬೈಲ್ ಆ್ಯಪ್ ಪ್ರಕಾರ ಒರತೆ ಮನೆಗಿಂತ ಸುಮಾರು 60 ಅಡಿ ಎತ್ತರದಲ್ಲಿದೆ.

ಪೈಪ್‌ಲೈನ್ ಪಾಂಡು
ಅಲ್ಲಿಗೆ ವಿಷಯ ಸ್ಪಷ್ಟ. ಒರತೆ ನಿಮಿಷಕ್ಕೆ 10 ಲೀಟರ್ ಕೊಡುತ್ತಿದೆ, ನಿಮಗೆ ಬರೋದು 2. ಉಳಿದ 8 ಲೀಟರ್ ಅಲ್ಲೇ ಉಕ್ಕಿ ಕೆಳಗೆ ಹೋಗುತ್ತಿದೆ, ಇಲ್ಲವಾದರೆ ದಾರಿಯಲ್ಲಿ ಸೋರುತ್ತಿದೆ.

ಇಷ್ಟು ಉದ್ದ, ಇಷ್ಟು ಇಳಿಜಾರಿಗೆ ಅರ್ಧ ಇಂಚಿನ ಪೈಪು ಚೆನ್ನಾಗಿದ್ದರೆ ನಿಮಿಷಕ್ಕೆ 5 ಲೀಟರ್ ಆಸುಪಾಸು ತರಬೇಕು. ಅದಕ್ಕಿಂತ ಜಾಸ್ತಿ ಅದರ ಕೈಲಿ ಆಗಲ್ಲ, ಪೈಪಿನ ಗೋಡೆಗೆ ಉಜ್ಜಿಕೊಂಡೇ ಒತ್ತಡ ಸತ್ತುಹೋಗುತ್ತೆ. ನಿಮಗೆ 2 ಬರ್ತಿದೆ ಅಂದರೆ ಗಾಳಿ, ಸೋರಿಕೆ, ಕಸ, ಈ ಮೂರರಲ್ಲಿ ಒಂದು ಇದ್ದೇ ಇದೆ. ಗಾಳಿ ಎಲ್ಲಿ ಹಿಡಿಯುತ್ತೆ ಗೊತ್ತಾ? ಪೈಪು ಇಳಿಯುತ್ತಾ ಬಂದು ಬಂಡೆಯ ಮೇಲೋ, ದರೆಯ (ಮಣ್ಣಿನ ದಿಬ್ಬದ) ಮೇಲೋ ಹತ್ತಿ ಮತ್ತೆ ಇಳಿಯುವ ಕಡೆ. ಆ ಗೂನಿನ ತುದಿಯಲ್ಲಿ ಗಾಳಿ ಕೂತರೆ ನೀರಿಗೆ ದಾರಿ ಅರ್ಧ ಆಗುತ್ತೆ. ಅಲ್ಲೊಂದು ಟೀ (T ಆಕಾರದ ಜಾಯಿಂಟು) ಹಾಕಿ, ಮೇಲ್ಮುಖವಾಗಿ ಸಣ್ಣ ನಲ್ಲಿ ಕೂರಿಸಿ. ವಾರಕ್ಕೊಮ್ಮೆ ತಿರುಗಿಸಿದರೆ ಬುಸ್ ಅಂತ ಗಾಳಿ ಹೋಗಿ ನೀರು ಚಿಮ್ಮುತ್ತೆ.

ಅಡಿಕೆದಬ್ಬೆ
ಟೀ, ನಲ್ಲಿ ಎಲ್ಲಾ ಯಾಕೆ. ಗೂನಿನ ಮೇಲೆ ಕಾಯಿಸಿದ ದಬ್ಬಣದಲ್ಲಿ ತೂತು ಮಾಡಿ, ಗಾಳಿ ಹೋದ ಮೇಲೆ ಅಡಿಕೆ ಸಿಬಿರು ಚೂಪು ಮಾಡಿ ಬಡಿದರೆ ಆಯ್ತು. ನಮ್ಮ ಪೈಪಿನಲ್ಲಿ ಅಂಥವು ಎಷ್ಟಿವೆಯೋ.

ಪೈಪ್‌ಲೈನ್ ಪಾಂಡು
ಅದಕ್ಕೇ ನಿಮ್ಮ ಪೈಪು ದಾರಿಯುದ್ದಕ್ಕೂ ತೋಟಕ್ಕೆ ನೀರು ಬಿಡುತ್ತಿರೋದು.

ಹಾಸನದ ಆಲೂಗಡ್ಡೆ
ಒಂದು ಇಂಚಿನ ಪೈಪು ಎಳೆಯಿರಿ, ಎಲ್ಲಾ ಸರಿಹೋಗುತ್ತೆ.

ಪೈಪ್‌ಲೈನ್ ಪಾಂಡು
ಒಂದು ಇಂಚು ಬೇಡ. ಈ ಇಳಿಜಾರಿಗೆ ಒಂದು ಇಂಚು ನಿಮಿಷಕ್ಕೆ 20 ಲೀಟರ್ ಮೇಲೆ ಎಳೆಯುತ್ತೆ. ಒರತೆ ಕೊಡೋದೇ 10. ಆಗ ಪೈಪಿನ ಬಾಯಿ ನೀರಿನಿಂದ ಮೇಲೆ ಬಂದು ಗಾಳಿ ಕುಡಿಯುತ್ತೆ, ತಲೆನೋವು ಮತ್ತೆ ಶುರು. ಮುಕ್ಕಾಲು ಇಂಚು ಇವರಿಗೆ ಸರಿಯಾದ ಅಳತೆ. ಒರತೆಯ ಬಾಯಲ್ಲಿ ಎರಡು ಅಡಿ ಆಳದ ಸಣ್ಣ ತೊಟ್ಟಿ ಕಟ್ಟಿ, ಪೈಪಿನ ಬಾಯಿ ಸದಾ ಮುಳುಗಿರುವ ಹಾಗೆ ಇಡಿ. ನೀರು ಕಡಿಮೆ ಮಾಡಬೇಕು ಅನ್ನಿಸಿದರೆ ವಾಲ್ವನ್ನು ಮನೆಯ ತುದಿಯಲ್ಲಿ ತಿರುಗಿಸಿ, ಒರತೆಯ ತುದಿಯಲ್ಲಿ ಅಲ್ಲ. ಮೇಲೆ ಬಿಗಿ ಮಾಡಿದರೆ ಪೈಪು ಪೂರ್ತಿ ತುಂಬಲ್ಲ, ಮತ್ತೆ ಗಾಳಿ.

ರಿಟೈರ್ಡ್ ಮೇಷ್ಟ್ರು
ನಾನು ಇನ್ನೊಂದು ಲೆಕ್ಕ ಹಾಕುತ್ತೇನೆ. ಈಗ ಬರುತ್ತಿರುವ 2 ಲೀಟರನ್ನೇ ತಗೊಳ್ಳಿ. ಗಂಟೆಗೆ 120, ದಿನಕ್ಕೆ 2,880 ಲೀಟರ್. ಜಲಜೀವನ ಮಿಷನ್ ಲೆಕ್ಕದಲ್ಲಿ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್, ಐದು ಜನಕ್ಕೆ 275. ಹಂಡೆ ಸ್ನಾನ, ಬಟ್ಟೆ, ನೆಂಟರು ಎಲ್ಲಾ ಸೇರಿಸಿ ದುಪ್ಪಟ್ಟು ಮಾಡಿ, 550. ಮೂರು ಹಸುವಿಗೆ ಕುಡಿಯಲು, ಕೊಟ್ಟಿಗೆ ತೊಳೆಯಲು 300 ಅನ್ನೋಣ. ಒಟ್ಟು 850. ಹಾಗಾದರೆ ಎರಡು ಸಾವಿರ ಲೀಟರ್ ಎಲ್ಲಿ ಹೋಗುತ್ತಿದೆ? ನಿಮ್ಮ ಡ್ರಮ್ ಎಷ್ಟು ದೊಡ್ಡದು?

ಗುಡ್ಡದಮನೆ
200 ಲೀಟರ್ ಡ್ರಮ್ಮು ಎರಡು. ಹಗಲು ಹೊತ್ತು ನೀರು ಹೊಸ ಅಡಿಕೆ ಸಸಿಗೆ ತಿರುಗಿಸಿರುತ್ತೇವೆ. ಅಪ್ಪನ ಕೆಲಸ ಅದು.

ಕೋಲಾರದ ಮಣ್ಣು
ಅಲ್ಲಿಗೆ ಗುಟ್ಟು ರಟ್ಟಾಯ್ತು 😄 ಬೋರ್ ಯಾಕೆ ಬೇಡ ಅಂತ ಕೇಳಿದರೆ ಅಪ್ಪ ತೋಟಕ್ಕೆ ಎದ್ದು ಹೋಗೋದು ಇದಕ್ಕೇ ಇರಬೇಕು.

ಸುಮಕ್ಕ
ಪಾಪ, ಸಸಿಯೂ ಬದುಕಬೇಕಲ್ಲ. ಆದರೆ ಅಮ್ಮ ರಾತ್ರಿ ಎದ್ದು ಟಾರ್ಚ್ ಹಿಡಿಯೋದು ಸಾಕು ಮಾಡಿ. ಮನೆಯ ಹಿಂದೆ ದರೆಯ ಮೇಲೆ 2,000 ಲೀಟರ್ ಟ್ಯಾಂಕ್ ಇಟ್ಟರೆ ರಾತ್ರಿಯ ನೀರೆಲ್ಲ ಅಲ್ಲಿ ನಿಲ್ಲುತ್ತೆ. ತುಂಬಿ ಹೊರಗೆ ಬಂದದ್ದು ಸಸಿಗೆ ಹೋಗಲಿ. ಮೊದಲು ಅಡಿಗೆಮನೆ, ಆಮೇಲೆ ಕೊಟ್ಟಿಗೆ, ಆಮೇಲೆ ಅಡಿಕೆ.

ತೋಟದ ತಮ್ಮ
ಅಲ್ಲ, ಎಲ್ಲರೂ ಒರತೆ ಒರತೆ ಅಂತೀರಲ್ಲ, ಮುಂದಿನ ವರ್ಷ ಅದೂ ಬತ್ತಿದರೆ? ನಮ್ಮ ಗುಡ್ಡದಲ್ಲಿ ಅಕೇಶಿಯಾ ನೆಟ್ಟ ಮೇಲೆ ಎರಡು ಒರತೆ ನಿಂತೇ ಹೋಯ್ತು. ಬೋರ್ ಇದ್ದರೆ ಒಂದು ಧೈರ್ಯ. ಪರ್ಮಿಷನ್ ಗಿರ್ಮಿಷನ್ ಏನೂ ಬೇಡ, ಗಾಡಿ ಬಂತು ಅಂದರೆ ಒಂದೇ ರಾತ್ರಿ ಕೆಲಸ.

ತಾಲೂಕಾಫೀಸ್ ಕಟ್ಟೆ
ಪರ್ಮಿಷನ್ ಬೇಡ ಅನ್ನೋದು ತಪ್ಪು. 1999ರ ಕಾಯ್ದೆ ಪ್ರಕಾರ ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿ ಇಲ್ಲದೆ ಬಾವಿ, ಬೋರ್ ತೋಡೋ ಹಾಗಿಲ್ಲ. ಅದರ ಮೇಲೆ 2011ರ ಅಂತರ್ಜಲ ಕಾಯ್ದೆ ಬೇರೆ ಇದೆ. ನಿಮ್ಮ ತಾಲೂಕು ಆ ಕಾಯ್ದೆಯ ನಿರ್ಬಂಧ ಇರೋ ಪಟ್ಟಿಯಲ್ಲಿದೆಯಾ ಅಂತ ಕೇಳಿಕೊಂಡೇ ಗಾಡಿ ಕರೆಸಿ. ಫೇಲಾದ ಬೋರಿನ ಬಾಯಿ ಮುಚ್ಚೋದು ಮಾತ್ರ ಮರೀಬೇಡಿ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲೂಕಿನ ಲಚ್ಯಾಣದಲ್ಲಿ ಬೋರಿಗೆ ಬಿದ್ದ ಮಗು ಬದುಕಿ ಬಂದದ್ದು ಎಲ್ಲರ ಪುಣ್ಯ. ಎಲ್ಲಾ ಮಕ್ಕಳೂ ಹಾಗೆ ಬರಲ್ಲ.

ತೋಟದ ತಮ್ಮ
ಕಾಗದದಲ್ಲಿ ಸಾವಿರ ಇರುತ್ತೆ. ನಮ್ಮ ಊರಲ್ಲಿ ಯಾರು ಕೇಳಿಕೊಂಡು ಹೊಡೆಸಿದ್ದಾರೆ ಹೇಳಿ ನೋಡೋಣ.

ತಾಲೂಕಾಫೀಸ್ ಕಟ್ಟೆ
ಅದಕ್ಕೇ ನಿಮ್ಮ ಊರಲ್ಲಿ ಒಬ್ಬರು 300 ಅಡಿ ಹೊಡೆಸಿದರೆ ಪಕ್ಕದವರು 400 ಹೊಡೆಸೋದು.

ಕೊಡಗಿನ ಕಾಫಿ
ಒರತೆ ಬತ್ತದಿರಲಿ ಅಂತ ಯಾರಾದರೂ "ಗುಡ್ಡದ ತುಂಬ ಇಂಗುಗುಂಡಿ ತೋಡಿ" ಅಂತ ಹೇಳೋ ಮೊದಲೇ ನಾನು ಹೇಳಿಬಿಡುತ್ತೇನೆ. ಕಡಿದಾದ ಗುಡ್ಡದಲ್ಲಿ, ಅದರಲ್ಲೂ ಕೆಳಗೆ ಮನೆ ಇದ್ದರೆ, ಕಣ್ಣು ಮುಚ್ಚಿ ಗುಂಡಿ ತೋಡಬೇಡಿ. 2018ರ ಆಗಸ್ಟ್‌ನಲ್ಲಿ ನಮ್ಮ ಕಡೆ ಗುಡ್ಡಗಳು ಜಾರಿದ್ದು ನೋಡಿದವರು ನಾವು. ಮಣ್ಣು ನೀರು ಕುಡಿದು ಭಾರವಾಗಿ ಕೆಳಗಿನ ಬಂಡೆಯ ಮೇಲಿಂದ ಜಾರುತ್ತೆ. ಬಯಲುಸೀಮೆಯ ಪಾಠವನ್ನು ಘಟ್ಟಕ್ಕೆ ತರಬಾರದು. ಮರ ಇರಲಿ, ತರಗೆಲೆ ಗುಡಿಸದೆ ಬಿಡಿ. ಅಷ್ಟು ಸಾಕು.

ಮುರಕಲ್ಲು
ಸಪಾಟು ಜಾಗದಲ್ಲಿ ಇಂಗಿಸುವುದಕ್ಕೆ ಏನೂ ತೊಂದರೆ ಇಲ್ಲ. ನಮ್ಮಲ್ಲಿ ಮಳೆ ನಿಂತ ಮೇಲೆ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಕಟ್ಟ (ಅಡ್ಡಗಟ್ಟೆ) ಹಾಕುತ್ತಾರೆ. ಕಲ್ಲು, ಮಣ್ಣು, ಈಗೀಗ ಪ್ಲಾಸ್ಟಿಕ್ ಹಾಳೆ. ನೀರು ನಿಂತಷ್ಟು ದಿನ ಅಕ್ಕಪಕ್ಕದ ಬಾವಿಗಳಲ್ಲೂ ಮಟ್ಟ ನಿಲ್ಲುತ್ತದೆ. ಗುಡ್ಡದಮನೆಯವರ ಅಂಗಳದ ಬಾವಿಗೆ ಅದು ಆಗಬಹುದು, ಹತ್ತಿರದಲ್ಲಿ ಹಳ್ಳ ಇದ್ದರೆ.

ಕೋಲಾರದ ಮಣ್ಣು
ನಮ್ಮ ಕೆರೆಗಳಿಗೂ 2018ರಿಂದ ಕೆ.ಸಿ. ವ್ಯಾಲಿ ನೀರು ಬರ್ತಿದೆ. ಬೆಂಗಳೂರಿನ ಚರಂಡಿ ನೀರನ್ನು ಶುದ್ಧೀಕರಿಸಿ ಬಿಡೋದು. ಕೆರೆ ತುಂಬಿದ ಕಡೆ ಸತ್ತ ಬೋರುಗಳು ಎದ್ದಿವೆ, ಸುಳ್ಳು ಹೇಳಬಾರದು. ಆದರೆ ಎರಡೇ ಹಂತದ ಶುದ್ಧೀಕರಣ, ಮೂರನೆಯದೂ ಮಾಡಿ ಅಂತ ಇಲ್ಲಿ ಜನ ಕೇಳುತ್ತಲೇ ಇದ್ದಾರೆ. ಕುಡಿಯಲು ಮಾತ್ರ ನಾನು ಮಳೆ ನೀರನ್ನೇ ನಂಬಿರೋದು.

ನೂತನ_ಮಂಡ್ಯ
ಕೋಲಾರದಲ್ಲಿ ಮಳೆಯೇ ಕಮ್ಮಿ, ಮಳೆ ನೀರು ನಂಬೋದು ಹೇಗೆ ಸಾರ್?

ಕೋಲಾರದ ಮಣ್ಣು
ಲೆಕ್ಕ ಸುಲಭ ಮೇಡಂ. ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 1,000 ಚದರಡಿ ತಾರಸಿ ಅಂದರೆ 93 ಚದರ ಮೀಟರ್. ವರ್ಷಕ್ಕೆ 700 ಮಿ.ಮೀ. ಅಂತ ಹಿಡಿದರೆ 65 ಸಾವಿರ ಲೀಟರ್. ಆವಿ, ಸೋರಿಕೆ, ಮೊದಲ ಮಳೆಯ ಕೊಳೆ ನೀರು ಅಂತ ಕಳೆದರೂ 50 ಸಾವಿರ ಉಳಿಯುತ್ತೆ. ಕುಡಿಯಲು, ಅಡಿಗೆಗೆ ಅಂತ ಐದು ಜನಕ್ಕೆ ದಿನಕ್ಕೆ 25 ಲೀಟರ್ ಬಳಸಿದರೆ ವರ್ಷಕ್ಕೆ ಹತ್ತಿರ ಹತ್ತಿರ 9 ಸಾವಿರ. 10 ಸಾವಿರ ಲೀಟರಿನ ಸಂಪು ಸಾಕೇ ಸಾಕು. ಬಿಸಿಲು ಒಳಗೆ ಬೀಳದ ಹಾಗೆ ಮುಚ್ಚಿಟ್ಟರೆ ಪಾಚಿ ಕಟ್ಟಲ್ಲ.

ಫ್ಲೋರೈಡಿಗೆ ಇದಕ್ಕಿಂತ ಸುಲಭದ ದಾರಿ ನನಗೆ ಕಂಡಿಲ್ಲ. ಲೀಟರಿಗೆ 1 ಮಿಲಿಗ್ರಾಂ ತನಕ ಪರವಾಗಿಲ್ಲ, ಬೇರೆ ಗತಿ ಇಲ್ಲದಿದ್ದರೆ ಒಂದೂವರೆ ತನಕ. ಅದನ್ನು ದಾಟಿದ ನೀರನ್ನು ಮಕ್ಕಳು ವರ್ಷಗಟ್ಟಲೆ ಕುಡಿದರೆ ಹಲ್ಲಿನ ಮೇಲೆ ಕಂದು ಪಟ್ಟೆ. ಇನ್ನೂ ಜಾಸ್ತಿಯಾದರೆ ಮೂಳೆಗೇ ಏಟು. ಕೆಲವರು ನೀರು ಕುದಿಸಿ ಕುಡಿಯಿರಿ ಅಂತಾರೆ. ಕುದಿಸಿದರೆ ನೀರು ಆವಿಯಾಗಿ ಫ್ಲೋರೈಡ್ ಇನ್ನೂ ಗಟ್ಟಿಯಾಗುತ್ತೆ, ಹೋಗಲ್ಲ.

ಕ್ಯಾರೊಲಿನಾ ಕನ್ನಡಿಗ
ನಾನು ಈಗ ಅಮೆರಿಕದಲ್ಲಿ ಊರ ಹೊರಗಿನ ಮನೆಯಲ್ಲಿದ್ದೇನೆ. ಇಲ್ಲೂ ನಲ್ಲಿ ಲೈನ್ ಇಲ್ಲ, ಪ್ರತಿ ಮನೆಗೂ ಅವರವರ ಬೋರು. ಕೆಳಗೆ ಪಂಪು, ಮನೆಯೊಳಗೆ ಒತ್ತಡದ ಟ್ಯಾಂಕು. ಕರೆಂಟ್ ಹೋದರೆ ಶೌಚಾಲಯಕ್ಕೂ ನೀರಿಲ್ಲ. ಖಾಸಗಿ ಬಾವಿ ನೀರಿನ ಗುಣಮಟ್ಟಕ್ಕೆ ಕೇಂದ್ರ ಸರ್ಕಾರದ ನಿಯಮ ಅನ್ವಯ ಆಗಲ್ಲ, ಪರೀಕ್ಷೆ ಮಾಡಿಸೋದು ಮನೆಯವರ ಜವಾಬ್ದಾರಿ. ನಾನು ವರ್ಷಕ್ಕೊಮ್ಮೆ ಮಾಡಿಸುತ್ತೇನೆ. ಒಂದು ಕೇಳಬೇಕಿತ್ತು: ಒರತೆಯ ನೀರನ್ನು ಯಾರಾದರೂ ಪರೀಕ್ಷೆ ಮಾಡಿಸಿದ್ದೀರಾ?

ತೋಟದ ತಮ್ಮ
ಗುಡ್ಡದ ನೀರಿಗೆ ಪರೀಕ್ಷೆನಾ? ಅಮೆರಿಕಕ್ಕೆ ಹೋದ ಮೇಲೆ ಎಲ್ಲದಕ್ಕೂ ಲ್ಯಾಬು.

ಊರಿನ ನರ್ಸಮ್ಮ
ಅವರು ಕೇಳಿದ್ದು ಸರಿಯಾಗಿದೆ ತಮ್ಮ. ತಿಳಿಯಾಗಿದೆ ಅಂತ ಶುದ್ಧ ಅಂದುಕೊಳ್ಳಬೇಡಿ. ಒರತೆಯ ಮೇಲ್ಗಡೆ ದನ ಮೇಯುತ್ತೆ, ಕಾಡುಪ್ರಾಣಿ ಬಂದು ಕುಡಿಯುತ್ತೆ. ಮೊದಲ ಮಳೆ ಬಿದ್ದ ವಾರ ನಮ್ಮ ಆಸ್ಪತ್ರೆಯಲ್ಲಿ ವಾಂತಿ ಭೇದಿಯವರ ಸಾಲು ಯಾಕೆ ಇರುತ್ತೆ ಅಂದುಕೊಂಡಿರಿ? ಕುಡಿಯುವ ನೀರನ್ನು ಮರಳುವ ತನಕ ಕುದಿಸಿ. ಶೌಚದ ಗುಂಡಿ ಬಾವಿಯಿಂದ ಕನಿಷ್ಠ 50 ಅಡಿ ದೂರ ಇರಲಿ, ಬಾವಿಗಿಂತ ಎತ್ತರದ ಜಾಗದಲ್ಲಿ ಬೇಡ.

ಬಾವಿಗೆ ಬ್ಲೀಚಿಂಗ್ ಪುಡಿ ಹಾಕೋದಕ್ಕೂ ಅಳತೆ ಇದೆ. 1,000 ಲೀಟರಿಗೆ ಎರಡೂವರೆ ಗ್ರಾಂ. 6 ಅಡಿ ಅಗಲದ ಬಾವಿಯಲ್ಲಿ 10 ಅಡಿ ನೀರಿದ್ದರೆ ಸುಮಾರು 8,000 ಲೀಟರ್, ಅಂದರೆ 20 ಗ್ರಾಂ ಸಾಕು. ಜನ ಹಿಡಿ ಹಿಡಿಯಾಗಿ ಸುರಿಯುತ್ತಾರೆ, ಆಮೇಲೆ ವಾಸನೆ ಅಂತ ಬೈಯುತ್ತಾರೆ. ಬಕೆಟ್‌ನಲ್ಲಿ ಕಲಸಿ, ಸುಣ್ಣದ ಗಸಿ ಕೆಳಗೆ ಕೂತ ಮೇಲೆ ತಿಳಿಯನ್ನು ಮಾತ್ರ ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ ಬಾವಿಗೆ ಇಳಿಸಿ, ಮೇಲೆ ಕೆಳಗೆ ಎಳೆದಾಡಿ. ಸಂಜೆ ಹಾಕಿದರೆ ಬೆಳಿಗ್ಗೆ ಬಳಸಬಹುದು.

ಮುರಕಲ್ಲು
ನಮ್ಮ ಅಜ್ಜಿ ಬಾವಿಗೆ ಆಮೆ ಬಿಟ್ಟಿದ್ದರು, ನೀರು ಶುದ್ಧ ಆಗುತ್ತದೆ ಅಂತ.

ಊರಿನ ನರ್ಸಮ್ಮ
ಆಮೆ ಕಕ್ಕಸು ಮಾಡೋದು ಎಲ್ಲಿ ಅಂತ ಅಜ್ಜಿಯನ್ನು ಕೇಳಬೇಕಿತ್ತು.

ತಾಲೂಕಾಫೀಸ್ ಕಟ್ಟೆ
ಕಾಡಿನ ಆಮೆ ಹಿಡಿದು ಸಾಕೋದು 1972ರ ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ, ಅದನ್ನೂ ಸೇರಿಸಿಕೊಳ್ಳಿ 😄

ನೂತನ_ಮಂಡ್ಯ
ಮಧ್ಯೆ ನನ್ನದೂ ಒಂದು. ನಮ್ಮ ಅತ್ತೆ ಮನೆ ಬೋರಿನಲ್ಲಿ ನೀರು ಬರುವಾಗ ತಿಳಿಯಾಗಿರುತ್ತೆ, ಬಕೆಟ್‌ನಲ್ಲಿ ಒಂದು ಗಂಟೆ ಇಟ್ಟರೆ ಕೆಂಪಾಗುತ್ತೆ. ಬಿಳಿ ಬಟ್ಟೆ ಎಲ್ಲಾ ಹಾಳು. ಚಹಾ ಮಾಡಿದರೆ ಮಸಿಯ ಹಾಗೆ ಕಪ್ಪು.

ಪೈಪ್‌ಲೈನ್ ಪಾಂಡು
ಕಬ್ಬಿಣದ ಅಂಶ. ನೆಲದಡಿ ಗಾಳಿ ಇಲ್ಲದ ಕಡೆ ಅದು ಕರಗಿರುತ್ತೆ, ಹೊರಗೆ ಗಾಳಿ ತಗುಲಿದಾಗ ತುಕ್ಕಾಗಿ ಕೆಳಗೆ ಕೂರುತ್ತೆ. ಚಹಾದ ಒಗರು ಕಬ್ಬಿಣಕ್ಕೆ ಸೇರಿದರೆ ಕಪ್ಪು. ನೀರನ್ನು ಎತ್ತರದಿಂದ ತೂತಿನ ಪೈಪಿನಲ್ಲಿ ಮಳೆಯ ಹಾಗೆ ಬೀಳಿಸಿ, ಒಂದು ತೊಟ್ಟಿಯಲ್ಲಿ ನಿಲ್ಲಿಸಿ, ಮರಳಿನ ಮೇಲೆ ಹಾಯಿಸಿ. ಮುಕ್ಕಾಲು ಪಾಲು ಅಲ್ಲೇ ಉಳಿಯುತ್ತೆ. ಮರಳನ್ನು ಆಗಾಗ ತೊಳೆಯಬೇಕು. ಇದಕ್ಕೆ ದೊಡ್ಡ ಮಿಷಿನ್ ಮಾರೋಕೆ ಬರ್ತಾರೆ, ಮೊದಲು ಇದನ್ನು ಮಾಡಿ ನೋಡಿ.

ಗುಡ್ಡದಮನೆ
ಎಲ್ಲರಿಗೂ ಧನ್ಯವಾದ. ಅಡಿಕೆದಬ್ಬೆಯವರು ಹೇಳಿದ ಹಾಗೆ ಪೈಪಿನ ಜೊತೆಗೇ ನಡೆಯುತ್ತಾ ಹೋದೆ. ಬಿದಿರು ಮಟ್ಟಿಯ ಹತ್ತಿರ ತರಗೆಲೆ ಸರಿಸಿದರೆ ಕೆಳಗೆ ಮಣ್ಣು ಒದ್ದೆ. ಪೈಪಿನ ಮೇಲೆ ಸಾಲಾಗಿ ಹಲ್ಲಿನ ಗುರುತು, ಎರಡು ಕಡೆ ತೂತು. ಅಲ್ಲಿಂದ ಮುಂದೆ ಹಳೇ ಜಾಯಿಂಟಿಗೆ ಸುತ್ತಿದ್ದ ಸೈಕಲ್ ಟ್ಯೂಬ್ ಕೊಳೆತು ಹನಿಯುತ್ತಿತ್ತು. ಬಂಡೆಯ ಮೇಲೆ ಒಂದು ಗೂನು ಇದ್ದೇ ಇತ್ತು. ಪಾಂಡು ಅವರು ಹೇಳಿದಂತೆ ಟೀ ಹಾಕಿ ನಲ್ಲಿ ಇಟ್ಟೆ, ತೂತಿನ ಭಾಗ ಕತ್ತರಿಸಿ ಹೊಸ ಜಾಯಿಂಟು ಕೊಟ್ಟೆ. ಪೈಪಿನ ತುದಿಯನ್ನು ಬಿಸಿ ನೀರಿನಲ್ಲಿ ಅದ್ದಿದರೆ ಜಾಯಿಂಟು ಸಲೀಸಾಗಿ ಹೋಗುತ್ತೆ, ಥರ್ಮಾಸ್ ಹೊತ್ತುಕೊಂಡು ಹೋಗಿದ್ದೆ. ಈಗ ಮನೆಯಲ್ಲಿ ಬಕೆಟ್ 4 ನಿಮಿಷಕ್ಕೆ ತುಂಬುತ್ತಿದೆ. ದರೆಯ ಮೇಲೆ ಟ್ಯಾಂಕಿಗೆ ಕಲ್ಲು ಕಟ್ಟಿಸುತ್ತಿದ್ದೇವೆ. ಮುಕ್ಕಾಲು ಇಂಚಿನ ಪೈಪು ಮುಂದಿನ ಅಡಿಕೆ ಕೊಯ್ಲಿನ ಮೇಲೆ. ತಮ್ಮ ಇನ್ನೂ ಬೋರ್ ಅಂತಲೇ ಇದ್ದಾನೆ.

ರಿಟೈರ್ಡ್ ಮೇಷ್ಟ್ರು
4 ನಿಮಿಷ ಅಂದರೆ ನಿಮಿಷಕ್ಕೆ 5 ಲೀಟರ್. ಪಾಂಡು ಹೇಳಿದ ಅಂಕಿಯೇ. ಪ್ರತಿ ತಿಂಗಳು ಒರತೆಯ ಹತ್ತಿರ ಬಕೆಟ್ ಇಟ್ಟು ಗೋಡೆ ಕ್ಯಾಲೆಂಡರಿನಲ್ಲಿ ಬರೆದಿಡಿ. ಮೇ ಕೊನೆಯ ಅಂಕಿ ಗೊತ್ತಾದ ಮೇಲೆ ತಮ್ಮನ ಜೊತೆ ಬೋರಿನ ಮಾತಾಡಿ.

ತೋಟದ ತಮ್ಮ
ನಾನು ಇವರ ತಮ್ಮನ ಪಾರ್ಟಿ.

ಕೊಡಗಿನ ಕಾಫಿ
ಒರತೆ ಇರೋದು ಯಾರ ಜಾಗದಲ್ಲಿ? ಟ್ಯಾಂಕು, ದೊಡ್ಡ ಪೈಪು ಹಾಕಿ ಪೂರ್ತಿ ನೀರು ನೀವೇ ತಗೊಂಡರೆ ಕೆಳಗಿನ ಮನೆಯವರು ಸುಮ್ನೆ ಇರಲ್ಲ. ನಮ್ಮ ಕಡೆ ಇಂಥ ಒಂದು ಪೈಪಿಗಾಗಿ ಅಣ್ಣತಮ್ಮಂದಿರು ಕೋರ್ಟಿಗೆ ಹೋಗಿದ್ದಾರೆ.

ಗುಡ್ಡದಮನೆ
ನಮ್ಮ ಸೊಪ್ಪಿನಬೆಟ್ಟದಲ್ಲಿದೆ. ಕೆಳಗೆ ಒಂದು ಮನೆ ಇದೆ, ಅವರೂ ಅದೇ ಹಳ್ಳದಿಂದ ಎಳೆಯೋದು. ಟ್ಯಾಂಕ್ ತುಂಬಿ ಹೊರಗೆ ಬಂದ ನೀರನ್ನು ಸಸಿಗೆ ಬಿಡದೆ ಹಳ್ಳಕ್ಕೇ ಬಿಡೋಣ ಅಂತ ಅಮ್ಮ ಹೇಳಿದ್ದಾರೆ. ಅಪ್ಪ ಇನ್ನೂ ಒಪ್ಪಿಲ್ಲ.

ಹಾಸನದ ಆಲೂಗಡ್ಡೆ
ಪೈಪು ಕಚ್ಚಿದ್ದು ಮಂಗ ಇರಬೇಕು.

ಅಡಿಕೆದಬ್ಬೆ
ಮಂಗ ಪೈಪು ಎಳೆದು ಜಾಯಿಂಟು ಬಿಚ್ಚುತ್ತೆ. ಸಾಲಾಗಿ ಹಲ್ಲಿನ ಗುರುತು ಅಂದರೆ ಮುಳ್ಳುಹಂದಿ. ಬೇಸಗೆಯಲ್ಲಿ ಬಾಯಾರಿ ಬರುತ್ತೆ, ಪೈಪಿನೊಳಗೆ ನೀರಿದೆ ಅಂತ ಅದಕ್ಕೆ ಹೇಗೋ ಗೊತ್ತಾಗುತ್ತೆ. ಒರತೆಯ ಕೆಳಗೆ ಒಂದು ಹಳೇ ಬಾನಿ ಹೂತು ನೀರು ನಿಲ್ಲೋ ಹಾಗೆ ಮಾಡಿಕೊಟ್ಟ ಮೇಲೆ ನಮ್ಮಲ್ಲಿ ಕಚ್ಚೋದು ಕಡಿಮೆ ಆಗಿದೆ.

ಹಾಸನದ ಆಲೂಗಡ್ಡೆ
ಪೈಪು ಒಂದಡಿ ಆಳಕ್ಕೆ ಹೂತರೆ ಯಾವ ಪ್ರಾಣಿಯದೂ ಕಾಟ ಇಲ್ಲ.

ಅಡಿಕೆದಬ್ಬೆ
600 ಮೀಟರ್ ಬಂಡೆ ನೆಲದಲ್ಲಿ ಹೂಳೋಕೆ ನೀವು ಬರ್ತೀರಾ? ಊಟ, ಕಾಫಿ ನಮ್ಮದು.